ನಾಟಕದಾಕಿ ಬಂದ್ಲು

ಸಿರುಗುಪ್ಪ ಕಡೆಯ ಒಂದು ಊರಿನ ಜಾತ್ರೆ. ರಾತ್ರಿಗೆ ನಾಟಕ ಇತ್ತು. ಮಧ್ಯಾಹ್ನ ಮೂರರ ಬಸ್ಸಿಗೆ ನಾಯಕಿ ಬಂದಿಳಿದರು. ಊರ ಹುಡುಗರು ಎರಡು ತಿಂಗಳಿಂದ ತಾಲೀಮು ಮಾಡುತ್ತಿದ್ದರು. ಈಕೆ ಅವರ ಮುಖ ನೋಡಿದ್ದು ಅವತ್ತೇ. ಸೀದಾ ಹಾರ್ಮೋನಿಯಂ ಮಾಸ್ತರ ಹತ್ತಿರ ಹೋಗಿ ಕೂತು, "ಕರಿ ನಾಕು ಹಿಡೀರಿ" ಅಂದರು. ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಅದೇ ಆಕೆಯ ಶ್ರುತಿ. ಎರಡು ಸಾಲು ಗುನುಗಿ ಚಹಾ ಕುಡಿದರು. ತಾಲೀಮು ಮುಗೀತು. ಹುಡುಗರು ಕಿಟಕಿಗೆ ಜೋತುಬಿದ್ದು "ನಾಟಕದಾಕಿ ಬಂದ್ಲು" ಅಂತ ಕೂಗುತ್ತಿದ್ದರು.

ಆ ಮಾತಿನಲ್ಲಿ ಅರ್ಧ ಬೆರಗು, ಅರ್ಧ ತಾತ್ಸಾರ. ತಾತ್ಸಾರ ಹಳೆಯದು. ಹಾಡೋದು, ಕುಣಿಯೋದು ದೇವರಿಗೆ ಬಿಟ್ಟ ಹೆಣ್ಣುಮಕ್ಕಳ, ಅಂದರೆ ದೇವದಾಸಿಯರ, ಕಸುಬು, ಮನೆತನಸ್ಥರಿಗಲ್ಲ ಅಂತ ನಮ್ಮ ಸೀಮೆ ನಂಬಿತ್ತು. ಹಾಗಾಗಿ ಬಯಲಾಟದಲ್ಲಿ ಸೀರೆ ಉಟ್ಟವರು ಗಂಡಸರು. ಬಳ್ಳಾರಿ ಪೇಟೆಯಲ್ಲೂ ಅದೇ ಕಥೆ. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆ ಪೈಪೋಟಿಗೆ ಬಿದ್ದು ನಾಟಕ ಆಡಿದ ಕಾಲದಲ್ಲಿ ಹೆಣ್ಣಿನ ಪಾತ್ರವೂ ಗಂಡಸರದ್ದೇ. ಅದು ಸರಿಯಲ್ಲ, ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಹಟ ಹಿಡಿದವರು ವಕೀಲರೂ ಆಗಿದ್ದ ನಟ ಬಳ್ಳಾರಿ ರಾಘವ (1880–1946). ಅವರು ತೀರಿಕೊಂಡ ಮರುವರ್ಷ, 1947ರಲ್ಲಿ, ಮದ್ರಾಸ್ ಪ್ರಾಂತ್ಯ ದೇವರಿಗೆ ಬಿಡೋ ಪದ್ಧತಿಯನ್ನು ಕಾನೂನಿನಿಂದ ತಡೆಯಿತು. ಬಳ್ಳಾರಿ ಆಗ ಮದ್ರಾಸಿನಲ್ಲೇ ಇತ್ತು. ತುಂಗಭದ್ರೆಯ ಆಚೆ ದಡದ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ಇಡೀ ಕರ್ನಾಟಕಕ್ಕೆ ಒಂದೇ ಕಾಯ್ದೆ ಅಂತ ಆಗಿದ್ದು 1982ರಲ್ಲಿ. ಕಾಗದದ ಮೇಲೆ ಪದ್ಧತಿ ಹೋಯಿತು, ಬಾಯಿಂದ ಮಾತು ಹೋಗಲಿಲ್ಲ.

ಸಿನಿಮಾಕ್ಕೆ ಹೋದವರ ಹೆಸರು ಎಲ್ಲರಿಗೂ ಗೊತ್ತು. ಅಭಿನಯ ಶಾರದೆ ಜಯಂತಿ 1945ರಲ್ಲಿ ಬಳ್ಳಾರಿಯಲ್ಲೇ ಹುಟ್ಟಿದವರು. ಆಗಿನ ಹೆಸರು ಕಮಲಾಕುಮಾರಿ. ಚಿಕ್ಕವರಿದ್ದಾಗಲೇ ತಾಯಿ ಜೊತೆ ಮದ್ರಾಸ್ ಸೇರಿದರು, 1963ರ 'ಜೇನುಗೂಡು' ಚಿತ್ರದಿಂದ ಕನ್ನಡದ ನಟಿಯಾದರು. 2021ರಲ್ಲಿ ತೀರಿಕೊಂಡಾಗ ನಮ್ಮೂರಾಕಿ ಅಂತ ಎಲ್ಲರೂ ಹೇಳಿಕೊಂಡೆವು. ಬೆಳೆಸಿದ್ದು ಮಾತ್ರ ಬೇರೆ ಊರು, ಅಲ್ವಾ?

ನನಗೆ ಜಾಸ್ತಿ ಕುತೂಹಲ ಇಲ್ಲೇ ಉಳಿದವರ ಬಗ್ಗೆ. ಸುಭದ್ರಮ್ಮ ಮನ್ಸೂರ್ ಬಳ್ಳಾರಿಯಲ್ಲೇ ಇದ್ದು ನಾಟಕ ಮಾಡಿದರು, ರಂಗಗೀತೆ ಹಾಡಿದರು. ಅವರು ಕಲಿತದ್ದು ಟೆಂಟಿನ ಕೊನೇ ಸಾಲಿಗೂ ಮುಟ್ಟುವ ಕಂಪನಿ ನಾಟಕದ ಗಾಯನ. ಅಲ್ಲಿ ಹಾಡು ಮಾತಿನ ನಡುವಿಂದಲೇ ಏಳಬೇಕು. ಸುಮ್ನೆ ನಿಂತು ರಾಗ ಎಳೆದರೆ ಪಾತ್ರ ಸತ್ತುಹೋಗುತ್ತದೆ. 2020ರ ಜುಲೈನಲ್ಲಿ ಅವರು ಹೋದರು.

ದರೋಜಿ ಈರಮ್ಮ ಟೆಂಟಿನ ಹಂಗೇ ಇಲ್ಲದೆ ಬೆಳೆದವರು. ಅಲೆಮಾರಿ ಬುಡ್ಗ ಜಂಗಮರ ಮನೆಯವರು, ಅಕ್ಷರ ಕಲಿತವರಲ್ಲ. ಊರೂರು ತಿರುಗಿ ಬುರ್ರಕಥೆ, ಅಂದರೆ ಹಾಡುತ್ತಾ ಹೇಳುವ ಕಥೆ, ಹೇಳಿದರು. ಅವರ ನೆನಪಿನಲ್ಲಿದ್ದದ್ದು 12 ಕಾವ್ಯ, ಅಚ್ಚು ಹಾಕಿದರೆ ಸುಮಾರು 7000 ಪುಟ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು. 2014ರಲ್ಲಿ ತೀರಿಕೊಂಡರು.

ಪರದೆ ಅಂದರೆ ಸಿನಿಮಾದ್ದೇ ಅಂದುಕೊಳ್ಳುತ್ತೇವೆ. ನಮ್ಮ ಕಡೆ ಅದಕ್ಕಿಂತ ಹಳೆಯ ಪರದೆ ತೊಗಲುಗೊಂಬೆಯದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಆ ಪರದೆಯ ಹಿಂದೆ ಕೂತು ರಾಮಾಯಣ, ಮಹಾಭಾರತ ಹಾಡಿದವರು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಅವರಿಗೆ ಪದ್ಮಶ್ರೀ ಬಂತು.

ಸಿರುಗುಪ್ಪದ ಆ ರಾತ್ರಿ ಎರಡನೇ ಅಂಕದಲ್ಲಿ ನಾಯಕ ಮಾತು ಮರೆತ. ನಾಯಕಿ ಸೆರಗು ಸರಿಮಾಡಿಕೊಳ್ಳುವಂತೆ ಮುಖ ತಿರುಗಿಸಿ ಅವನ ಮಾತನ್ನು ಮೆಲ್ಲಗೆ ಎತ್ತಿಕೊಟ್ಟರು. ಮುಂದಿದ್ದ ನಮಗೆ ಕೇಳಿಸಿತು, ಹಿಂದಿನವರಿಗೆ ಇಲ್ಲ. ನಡುನಡುವೆ ಮೈಕಿನಲ್ಲಿ ಇಂಥವರಿಂದ ನೂರು ರೂಪಾಯಿ, ಇಂಥವರಿಂದ ಇನ್ನೂರು ಅಂತ ಆಟವನ್ನೇ ನಿಲ್ಲಿಸುತ್ತಿದ್ದರು. ಆಕೆ ಕೈಮುಗಿದು ನಿಂತು, ಮೈಕು ಸುಮ್ಮನಾದ ಕೂಡಲೇ ಬಿಟ್ಟ ಸ್ವರದಿಂದಲೇ ಹಾಡು ಹಿಡಿಯುತ್ತಿದ್ದರು.

ಬೆಳಗಿನ ಬಸ್ಸಿಗೆ ಆಕೆ ಸೂಟ್‌ಕೇಸು ಹಿಡಿದು ನಿಂತಿದ್ದರು. ಮುಂದಿನ ನಾಟಕ ಮಾನ್ವಿ ಹತ್ತಿರ. ಅಲ್ಲಿ ಹಾರ್ಮೋನಿಯಂಗೆ ಯಾರು ಕೂಡ್ತಾರೆ ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದರು.