ಹಳೇ ಕಾಲದ ಕ್ರವಾಟ್ ಮನೆಯಲ್ಲೇ ಹೊಲಿಯಬಹುದೇ?

ಪ್ರಶ್ನೆ: ನಾಟಕಕ್ಕೆ 1810ರ ಸುಮಾರಿನ ಇಂಗ್ಲಿಷ್ ಗಂಡಸಿನ ವೇಷ ಬೇಕಾಗಿದೆ. ಕುತ್ತಿಗೆಗೆ ಸುತ್ತುವ ಬಿಳಿ ಕ್ರವಾಟನ್ನು ಮನೆಯಲ್ಲೇ ಹೊಲಿಯಲು ಆಗುತ್ತದೆಯೇ? ಯಾವ ಬಟ್ಟೆ, ಎಷ್ಟು ತರಬೇಕು?

ಧಾರಾಳವಾಗಿ ಆಗುತ್ತದೆ. ಹೊಲಿಗೆ ಅಂತ ಇರುವುದೇ ಅಂಚು ಮಡಚುವುದಷ್ಟು. ಉಳಿದದ್ದೆಲ್ಲ ಬಟ್ಟೆ ಮತ್ತು ಗಂಜಿಯ ಕೆಲಸ.

ಸ್ಯಾಟಿನ್ ಮಾತ್ರ ಬೇಡವೇ ಬೇಡ. ರಂಗದ ಬೆಳಕಿಗೆ ಮಿಂಚುತ್ತದೆ, ಗಂಟು ಜಾರುತ್ತದೆ. ಆ ಕಾಲದವರು ಕಟ್ಟುತ್ತಿದ್ದುದು ತೆಳು ಲಿನನ್ ಅಥವಾ ಮಸ್ಲಿನ್. ನಯವಾದ ಮಸ್ಲಿನ್ ಬಂಗಾಳದಿಂದ, ಅದರಲ್ಲೂ ಢಾಕಾದ ಕಡೆಯಿಂದ, ಹಡಗೇರಿ ಹೋಗುತ್ತಿತ್ತು. ಹಾಗಾಗಿ ನಮ್ಮ ಜವಳಿ ಅಂಗಡಿಯ ಬಿಳಿ ಮಲ್ ಬಟ್ಟೆ ತಂದರೆ ಏನೋ ಒಂದು ಅಡ್ಜಸ್ಟ್ ಮಾಡಿಕೊಂಡಂತಲ್ಲ, ಅದೂ ಅದೇ ಜಾತಿಯ ಬಟ್ಟೆ.

44 ಇಂಚು ಪನ್ನದ್ದಾದರೆ ಒಂದೂಕಾಲು ಮೀಟರ್ ಸಾಕು. ಮಲ್ ಕುಗ್ಗುತ್ತದೆ, ಮೊದಲು ನೆನೆಸಿ ಒಣಗಿಸಿ. ಆಮೇಲೆ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳಿ. ಪನ್ನದಷ್ಟೇ ಉದ್ದ ಅಳೆದು, ಅಡ್ಡಕ್ಕೆ ಒಂದು ಎಳೆ ಕಿತ್ತು, ಆ ಗೆರೆ ಹಿಡಿದು ಕತ್ತರಿಸಿದರೆ ಚೌಕ ಸೊಟ್ಟಗಾಗುವುದಿಲ್ಲ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ: ಎರಡು ತ್ರಿಕೋನ, ಎರಡು ಕ್ರವಾಟ್. ಉದ್ದದ ಬದಿ 60 ಇಂಚಿನ ಆಸುಪಾಸು ಬರುತ್ತದೆ. 15 ಇಂಚಿನ ಕುತ್ತಿಗೆಗೆ ಎರಡು ಸುತ್ತು ಹೋದರೂ ಗಂಟಿಗೆ ಬೇಕಾದಷ್ಟು ಉಳಿಯುತ್ತದೆ. ಈ ಬದಿ ಕ್ರಾಸ್ (ಎಳೆಗಳಿಗೆ ಓರೆ) ಆಗಿರುವುದರಿಂದ ಎಳೆದಷ್ಟೂ ಹಿಗ್ಗುತ್ತದೆ. ಮೊದಲೇ ಗಂಜಿ ಹಾಕಲು ಹೇಳಿದ್ದು ಇದಕ್ಕೇ.

ಅಂಚನ್ನು ಜಿಗ್‌ಜಾಗ್‌ಗೆ ಕೊಡಬೇಡಿ. ಹೊಲಿಗೆ ಯಂತ್ರ ಮನೆಮನೆಗೆ ಬಂದದ್ದು 1850ರ ಈಚೆಗೆ; ಮುಂದಿನ ಸಾಲಿನವರಿಗೆ ಯಂತ್ರದ ಹೊಲಿಗೆ ಕಂಡೇ ಕಾಣುತ್ತದೆ. ಹತ್ತಿ ದಾರ, ಸಣ್ಣ ಸೂಜಿ ತೆಗೆದುಕೊಳ್ಳಿ. ಅಂಚನ್ನು ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಮಡಚಿ, ಮಡಿಕೆಯೊಳಗೆ ಸೂಜಿ ತೂರಿಸಿ. ಅದರ ಕೆಳಗೆ ಬಟ್ಟೆಯ ಒಂದೇ ಒಂದು ಎಳೆ ಎತ್ತಿ, ಮತ್ತೆ ಮಡಿಕೆಗೆ ಬನ್ನಿ. ಹೀಗೆ ಒಂದಿಂಚು ಸಡಿಲವಾಗಿ ಹಾಕಿದ ಮೇಲೆ ದಾರ ಎಳೆದರೆ ಅಂಚು ತಾನೇ ಸುರುಳಿಯಾಗಿ ಕೂರುತ್ತದೆ. ನೋಡಲು ಮಜಾ. ಜೋರಾಗಿ ಎಳೆದರೆ ಮಾತ್ರ ನೆರಿಗೆ ಬೀಳುತ್ತದೆ.

ಹೊಲಿದಾದ ಮೇಲೆ ಒಗೆದು, ಈ ಸಲ ಸ್ವಲ್ಪ ಗಟ್ಟಿ ಗಂಜಿ ಹಾಕಿ. ಅನ್ನ ಬಸಿದ ಗಂಜಿಯಾದರೂ ಆದೀತು, ಆದರೆ ಬಟ್ಟೆಯಲ್ಲಿ ಸೋಸಿರಬೇಕು. ಅರೆಹಸಿ ಇರುವಾಗಲೇ ಇಸ್ತ್ರಿ. ತ್ರಿಕೋನದ ತುದಿಯನ್ನು ಉದ್ದದ ಬದಿಯತ್ತ ಮಡಚುತ್ತ ಐದಿಂಚಿನ ಪಟ್ಟಿ ಮಾಡಿ. ನಡುಭಾಗವನ್ನು ಗಂಟಲ ಮುಂದಿಟ್ಟು, ಹಿಂದೆ ದಾಟಿಸಿ, ಮುಂದೆ ತಂದು ಗಂಟು ಹಾಕಿ.

ಕ್ರವಾಟಿಗೆ ಹದವಾಗಿ ಗಂಜಿ ಹಾಕುವ ಫ್ಯಾಷನ್ನಿಗೆ ಹೆಸರಾದವನು ಲಂಡನ್ನಿನ ಬೋ ಬ್ರಮ್ಮೆಲ್ (1778–1840). ಅವನ ಕ್ರವಾಟ್ ಬಟ್ಟೆ ಒಂದಡಿ ಎತ್ತರ ಇರುತ್ತಿತ್ತಂತೆ. ಕನ್ನಡಿ ಮುಂದೆ ಗದ್ದ ಮೇಲೆತ್ತಿ ನಿಂತು, ಅದನ್ನು ನಿಧಾನವಾಗಿ ಇಳಿಸುತ್ತ ಮಡಿಕೆ ಕೂರಿಸುತ್ತಿದ್ದ. ಸರಿಬರದಿದ್ದರೆ ತಿದ್ದುವ ಮಾತಿಲ್ಲ, ಬಿಚ್ಚಿ ಬಿಸಾಕಿ ಇನ್ನೊಂದು! ಗದ್ದದ ಉಪಾಯ ಇವತ್ತಿಗೂ ಕೆಲಸಕ್ಕೆ ಬರುತ್ತದೆ, ನಿಮ್ಮ ನಟನಿಗೆ ಹೇಳಿಕೊಡಿ.

ಕಥೆ 1770ರ ಸುಮಾರಿನದಾದರೆ ಇದು ಸಲ್ಲದು. ಆಗ ಹೆಚ್ಚಾಗಿ ಕಟ್ಟುತ್ತಿದ್ದುದು ಹಿಂದೆ ಬಕಲ್ ಹಾಕುವ ಸ್ಟಾಕ್ ಎಂಬ ಪಟ್ಟಿ.

ಬೆವರಿಗೆ ಗಂಜಿ ಮೆತ್ತಗಾಗುತ್ತದೆ. ಎರಡನೇ ತ್ರಿಕೋನವನ್ನೂ ಇಸ್ತ್ರಿ ಮಾಡಿ ಮಧ್ಯಂತರಕ್ಕೆ ಇಟ್ಟುಕೊಂಡಿರಿ.