ಲಾಂಚ್ ಆಟಗಳು, ಸೇತುವೆ ಆಟಗಳು

ಲಾಂಚ್‌ನಲ್ಲಿ ಸಿಗಂದೂರಿಗೆ ಹೋಗಿ ಬಂದವರಿಗೆ, ಆನ್‌ಲೈನ್ ಆಟಗಳ ಜಗತ್ತನ್ನು ಹೇಗೆ ಕಟ್ಟುತ್ತಾರೆ ಅನ್ನುವ ಈ ಪಾಠ ಅರ್ಧ ಗೊತ್ತೇ ಇದೆ. ಸಾಗರದಿಂದ ಬಂದ ಗಾಡಿ ಅಂಬಾರಗೋಡ್ಲು ದಡದಲ್ಲಿ ನಿಲ್ಲಬೇಕಿತ್ತು. ಲಾಂಚ್ ಆಚೆ ದಡದಲ್ಲಿದ್ದರೆ ಕಾಯುವುದೇ ಕೆಲಸ. ಅದು ಬಂದ ಮೇಲೆ ಶರಾವತಿ ಹಿನ್ನೀರು ದಾಟಿ ಕಳಸವಳ್ಳಿಯಲ್ಲಿ ಇಳಿಯುತ್ತಿದ್ದೆವು. 2025ರ ಜುಲೈನಲ್ಲಿ ಸೇತುವೆ ಬಂತು. ಈಗ ಸುಮಾರು 2.4 ಕಿ.ಮೀ. ಎಲ್ಲೂ ನಿಲ್ಲದೆ ಹೋದರೆ ಆಯಿತು.

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳ, ಅಂದರೆ ಒಂದು ಪಾತ್ರವಾಗಿ ಬಹಳ ಜನರ ಜೊತೆ ಆಡುವ ಆಟಗಳ, ಜಗತ್ತೂ ಹೀಗೇ. ಕೆಲವು ಲಾಂಚ್ ಆಟಗಳು: ಜಗತ್ತನ್ನು ತುಂಡು ಮಾಡಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಲೋಡಿಂಗ್ ಸ್ಕ್ರೀನ್. ಈ ತುಂಡಿಗೆ ಝೋನ್ ಅಂತಾರೆ. ಕೆಲವು ಸೇತುವೆ ಆಟಗಳು: ನಡೆದಷ್ಟೂ ಜಗತ್ತು, ಎಲ್ಲೂ ತಡೆಯಿಲ್ಲ.

ಪರೀಕ್ಷೆಗೆ ಓದುವಾಗ ನಾನು ಎಡವಿದ್ದು ಒಂದೇ ಕಡೆ. ಲೋಡಿಂಗ್ ಸ್ಕ್ರೀನ್ ಅಂದರೆ ನಮ್ಮ ಕಂಪ್ಯೂಟರ್ ಡಿಸ್ಕಿನಿಂದ ಚಿತ್ರ ಓದಿಕೊಳ್ಳುವ ಸಮಯ ಅಂತ ಮಾತ್ರ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಅದೇ ಪರದೆಯ ಹಿಂದೆ ಸರ್ವರ್, ಅಂದರೆ ಎಲ್ಲರ ಆಟವನ್ನೂ ದೂರದಿಂದ ನಡೆಸುವ ಕಂಪ್ಯೂಟರ್, ಕಡೆಯೂ ಒಂದು ಕೆಲಸ ನಡೆಯುತ್ತಿರುತ್ತದೆ. ಅಂದರೆ ತುಂಡುಗಳನ್ನು ಜೋಡಿಸುವ ಹೊಲಿಗೆ ಒಂದಲ್ಲ, ಎರಡು: ಡಿಸ್ಕಿನದೊಂದು, ಸರ್ವರಿನದೊಂದು.

1999ರ ಎವರ್‌ಕ್ವೆಸ್ಟ್ ಆಟ ತಗೊಳ್ಳಿ. ಅದರಲ್ಲಿ ಒಂದೊಂದು ಝೋನಿಗೂ ಸರ್ವರ್‌ನಲ್ಲಿ ಬೇರೆ ಬೇರೆ ಪ್ರೋಗ್ರಾಂ ಓಡುತ್ತಿತ್ತು. ಗಡಿ ದಾಟಿದರೆ ನಮ್ಮ ಕಂಪ್ಯೂಟರ್ ಹಳೇ ಝೋನನ್ನು ತನ್ನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಿಂದ ತೆಗೆದು ಹೊಸದನ್ನು ತುಂಬಿಕೊಳ್ಳುತ್ತದೆ. ಅದೇ ಹೊತ್ತಿಗೆ ನಮ್ಮ ಪಾತ್ರ, ಅದರ ಚೀಲ, ಗಾಯ ಎಲ್ಲವನ್ನೂ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಒಪ್ಪಿಸುತ್ತದೆ. ರಾಕ್ಷಸರಿಗೆ ಮಾತ್ರ ಗಡಿ ದಾಟಲು ಆಗುತ್ತಿರಲಿಲ್ಲ. ಹಾಗಾಗಿ ಆಟಗಾರರು ಅಟ್ಟಿಸಿಕೊಂಡು ಬಂದವನ್ನೆಲ್ಲ ಬಾಲದಂತೆ ಎಳೆದುಕೊಂಡು ಗಡಿಗೆ ಓಡಿ ಮಾಯವಾಗುತ್ತಿದ್ದರು. ಅದಕ್ಕೆ 'ಟ್ರೇನ್' ಅಂತಲೇ ಹೆಸರು. ಗಡಿ ಹತ್ತಿರ ಪಾಪ ಸುಮ್ನೆ ಕೂತಿದ್ದವರ ಗತಿ ಊಹಿಸಿಕೊಳ್ಳಿ.

ಈಗ ಲೋಡಿಂಗ್ ಪರದೆಯನ್ನು ಕಿತ್ತುಹಾಕೋಣ. ಎರಡು ಹೊಲಿಗೆಯನ್ನೂ ಬೇರೆ ಬೇರೆಯಾಗಿ ಮುಚ್ಚಬೇಕಾಗುತ್ತದೆ.

ಮೊದಲು ಡಿಸ್ಕಿನದು. ನೆಲವನ್ನು ಅಡಿಕೆ ತೋಟದ ಪಟ್ಟೆಗಳ ಹಾಗೆ ಚೌಕ ಮಾಡುತ್ತಾರೆ. ಆಟಗಾರ ಎಲ್ಲಿದ್ದಾನೋ ಅದರ ಸುತ್ತಲಿನ ಚೌಕಗಳು ಮಾತ್ರ ರ್‍ಯಾಮ್‌ನಲ್ಲಿರುತ್ತವೆ. ನಡೆದಂತೆ ಮುಂದಿನವು ಒಳಗೆ, ಹಿಂದಿನವು ಹೊರಗೆ. ಇದೇ ಸ್ಟ್ರೀಮಿಂಗ್. ಒಂದು ಚೌಕ 100 ಮೀಟರ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 5 ಮೀಟರ್ ಓಡುವವನು ಅದನ್ನು ದಾಟಲು 20 ಸೆಕೆಂಡು. ಹಾರುವ ಹಕ್ಕಿಯ ಮೇಲೆ ಸೆಕೆಂಡಿಗೆ 25 ಮೀಟರ್ ಹೋದರೆ ಬರೀ 4 ಸೆಕೆಂಡು. ಅಷ್ಟರಲ್ಲಿ ಡಿಸ್ಕು ಓದಿ ಮುಗಿಸಿರಬೇಕು. ನನ್ನ ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿಗೆ ಅದು ಆಗಲಿಲ್ಲ. ಕುದುರೆ ಓಡಿಸಿಕೊಂಡು ಒಂದು ಹಳ್ಳಿಗೆ ನುಗ್ಗಿದೆ. ಮನೆಗಳಿಲ್ಲ, ನೆಲವೂ ಇಲ್ಲ. ಕುದುರೆ ಸಮೇತ ಕೆಳಗೆ ಬಿದ್ದೆ. ಬೀಳುತ್ತಿರುವಾಗಲೇ ತಲೆಯ ಮೇಲೆ ಹಳ್ಳಿ ಒಂದೊಂದಾಗಿ ಮೂಡಿತು. ಬೇಗ ಓದುವ ಎಸ್‌ಎಸ್‌ಡಿ ಡಿಸ್ಕು ಹಾಕಿಸಿದ ಮೇಲೆ ಸರಿಹೋಯಿತು.

ಒಂದು ಸಣ್ಣ ಜಾಣತನ ನೆನಪಿಡಿ. ಚೌಕವನ್ನು 200 ಮೀಟರ್ ದೂರದಲ್ಲಿ ಒಳಗೆ ತಂದರೆ, ಅದೇ 200ಕ್ಕೆ ಹೊರಗೆ ಹಾಕಬಾರದು. 300ಕ್ಕೆ ಹಾಕಬೇಕು. ಇಲ್ಲದಿದ್ದರೆ ಗಡಿಯಲ್ಲಿ ಹಿಂದೆಮುಂದೆ ಓಡಾಡುವವನೊಬ್ಬ ಸಾಕು, ಡಿಸ್ಕು ಸುಸ್ತು.

ನೆಲದ ಆಕಾರವೂ ಸಹಾಯ ಮಾಡುತ್ತದೆ. ಆಗುಂಬೆ ಘಾಟಿಯಲ್ಲಿ ಒಂದು ತಿರುವಿನಲ್ಲಿ ನಿಂತರೆ ಮುಂದಿನ ತಿರುವು ಕಾಣಲ್ಲ. ಮಂಜು ಇಳಿದರೆ ಎದುರಿನ ಗಾಡಿಯೂ ಕಾಣಲ್ಲ. ಕಾಣದ್ದನ್ನು ಬಿಡಿಸಬೇಕಿಲ್ಲ, ಅಲ್ವಾ? ಎಷ್ಟೋ ಆಟಗಳಲ್ಲಿ ಎರಡು ಸೀಮೆಗಳ ನಡುವೆ ಸೊಟ್ಟ ಕಣಿವೆ, ಗುಹೆ, ದಟ್ಟ ಮಂಜು ಇರುವುದು ಸುಮ್ನೆ ಅಂದಕ್ಕಲ್ಲ. ಮಲೆನಾಡು ಸ್ಟ್ರೀಮಿಂಗಿಗೆ ಹೇಳಿ ಮಾಡಿಸಿದ ಜಾಗ. ಬಯಲುಸೀಮೆಯೇ ಕಷ್ಟ.

ದೊಡ್ಡ ಜಗತ್ತಿಗೆ ಲೆಕ್ಕದ ತೊಂದರೆಯೂ ಉಂಟು. ಆಟಗಳು ಜಾಗವನ್ನು ಸಾಮಾನ್ಯವಾಗಿ 32 ಬಿಟ್ ದಶಮಾಂಶ ಸಂಖ್ಯೆಯಲ್ಲಿ ಬರೆದಿಡುತ್ತವೆ. ಅದರಲ್ಲಿ ನಿಖರತೆ ಸುಮಾರು 7 ಅಂಕಿಯಷ್ಟೇ. ಶಿವಮೊಗ್ಗವನ್ನು ಸೊನ್ನೆ ಅಂತ ಇಟ್ಟು ಮೀಟರಿನಲ್ಲಿ ಅಳೆದರೆ, ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. ದೂರದ ಸಾಗರದಲ್ಲಿ ಪಾತ್ರ ಕನಿಷ್ಠ ಸುಮಾರು 4 ಮಿಲಿಮೀಟರ್ ಹೆಜ್ಜೆಗಳಲ್ಲೇ ಸರಿಯಬೇಕು. ಕೈ, ಕತ್ತಿ ನಡುಗಿದ ಹಾಗೆ ಕಾಣುತ್ತವೆ. ಅದಕ್ಕೇ ಆಟಗಾರ ಹೋದಂತೆಲ್ಲ ಸೊನ್ನೆಯನ್ನೂ ಅವನ ಹಿಂದೆ ಸರಿಸುತ್ತಾರೆ. ಝೋನ್ ಆಟದಲ್ಲಿ ಈ ತಲೆನೋವು ಕಡಿಮೆ. ಪ್ರತಿ ಝೋನಿಗೂ ಅದರದೇ ಸೊನ್ನೆ.

ಎರಡನೇ ಹೊಲಿಗೆ ಸರ್ವರಿನದು. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ನೆಲ ಒಂದೇ ಆಗಿ ಕಂಡರೂ ಒಳಗೆ ಅದನ್ನು ಹಲವು ಸರ್ವರ್‌ಗಳು ಹಂಚಿಕೊಂಡಿದ್ದವು. ಗೆರೆ ಪರದೆಯ ಮೇಲಿಲ್ಲ, ಆದರೆ ಇದೆ. ಬಸ್ಸು ಘಾಟಿ ಏರುವಾಗ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಹಾರುತ್ತಲ್ಲ, ಹಾಗೆ. ನಾನು ಗೆರೆಯ ಈಚೆ, ನೀವು ಆಚೆ ನಿಂತಿದ್ದರೆ ನಿಮ್ಮ ನಕಲೊಂದನ್ನು ನನ್ನ ಸರ್ವರ್ ಇಟ್ಟುಕೊಳ್ಳಬೇಕು. ನಾನು ಬಾಣ ಬಿಟ್ಟರೆ ಅದನ್ನು ತೀರ್ಮಾನಿಸುವವರು ಯಾರು? ಕೆಳಗೆ ಬಿದ್ದ ಚಿನ್ನ ನಮ್ಮದು ಅಂತ ಎರಡೂ ಸರ್ವರ್ ಅಂದರೆ ಚಿನ್ನ ಎರಡಾಗುತ್ತದೆ. ಎರಡೂ ಬೇಡ ಅಂದರೆ ಮಂಗಮಾಯ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಷ್ಟದ ಭಾಗ ಇದೇ. ಟಿಪ್ಪಣಿಗಳಲ್ಲಿ ಜಾಸ್ತಿ ಬಿಟ್ಟುಹೋಗುವುದೂ ಇದೇ.

ಜಾತ್ರೆ ಸೇರಿದರೆ? ಝೋನ್ ಆಟದಲ್ಲಿ ಅದೇ ಝೋನಿನ ಇನ್ನೊಂದು ಪ್ರತಿ ತೆರೆಯಬಹುದು. 1999ರ ಅಶೆರಾನ್ಸ್ ಕಾಲ್ ಸೇತುವೆ ಆಟ. ಅಲ್ಲಿ ಒಂದೇ ಕಡೆ ಜನ ಅತಿಯಾದರೆ 'ಪೋರ್ಟಲ್ ಸ್ಟಾರ್ಮ್' ಬೀಸಿ ಕೆಲವರನ್ನು ಬೇರೆಲ್ಲೋ ಎಸೆಯುತ್ತಿತ್ತು. ಈವ್ ಆನ್‌ಲೈನ್ ದೊಡ್ಡ ಯುದ್ಧಗಳಲ್ಲಿ ಆಟದ ಸಮಯವನ್ನೇ ಶೇ. 10ರ ವೇಗದವರೆಗೂ ನಿಧಾನಿಸುತ್ತದೆ.

ಇನ್ನು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎರಡನ್ನೂ ಬೆರೆಸಿತು. ಖಂಡದೊಳಗೆ ತಡೆಯಿಲ್ಲ. ಖಂಡದಿಂದ ಖಂಡಕ್ಕೆ ಹಡಗು, ಅದರ ನಡುವೆ ಲೋಡಿಂಗ್ ಸ್ಕ್ರೀನ್. ಥೇಟ್ ನಮ್ಮ ಲಾಂಚ್! ಸೇತುವೆಯಿಂದ ಲಾಂಚಿಗೆ ವಾಪಸ್ ಬಂದವರೂ ಇದ್ದಾರೆ. ಫೈನಲ್ ಫ್ಯಾಂಟಸಿ 14 ಆಟ 2010ರಲ್ಲಿ ದೊಡ್ಡ, ತುಂಡು ಮಾಡದ ಸೀಮೆಗಳೊಂದಿಗೆ ಬಂದು ಸೋತಿತು. 2013ರಲ್ಲಿ ಹೊಸದಾಗಿ ಕಟ್ಟಿದಾಗ ಸಣ್ಣ ಝೋನ್‌ಗಳನ್ನು ಮಾಡಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಅದನ್ನು ಸೀಮೆಗಳ ಮೇಲಷ್ಟೇ ಹೊರಿಸಿ ಉತ್ತರ ಬರೆಯಬೇಡಿ.

ನಾವು ನಾಲ್ಕು ಜನ ಮಾಡುತ್ತಿರುವ ಪ್ರಾಜೆಕ್ಟಿನಲ್ಲಿ ಎರಡೇ ಝೋನ್, ನಡುವೆ ಹಿನ್ನೀರು. ಅದರ ಮೇಲೆ ಲಾಂಚ್ ಇಟ್ಟಿದ್ದೇವೆ, ಸೇತುವೆ ಅಲ್ಲ. ಆಚೆ ದಡ ಲೋಡ್ ಆಗಲು 6 ಸೆಕೆಂಡು ಸಾಕು. ಲಾಂಚ್ ದಾಟಲು 20 ಸೆಕೆಂಡು ಕೊಟ್ಟಿದ್ದೇವೆ. ಉಳಿದ 14 ಯಾಕೆ ಅಂತ ಗೈಡ್ ಕೇಳಿದರು. ಕಟಕಟೆ ಹಿಡಿದು ನೀರು ನೋಡೋಕೆ, ಸರ್, ಅಂದೆ.