ಚಿನ್ನದ ನಿಬ್ಬಿದ್ದರೆ ಮಾತ್ರ ಒಳ್ಳೆಯ ಪೆನ್ನೇ?

ಪ್ರಶ್ನೆ: ಸರ್, ನಮ್ಮ ಅಜ್ಜ ಅಥಣಿ ಕಡೆಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರ ಟ್ರಂಕಿನಲ್ಲಿ ಪಾರ್ಕರ್ 51 ಪೆನ್ನು ಸಿಕ್ಕಿದೆ. ಹಳೆಯ ಪೆನ್ನುಗಳಿಗೆ ಚಿನ್ನದ ನಿಬ್ಬು ಇರುತ್ತಿದ್ದುದರಿಂದಲೇ ಅವು ಈಗಿನವುಗಳಿಗಿಂತ ನುಣುಪಾಗಿ ಬರೆಯುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ನಾನೂ ಹಳೆಯ, ಹೊಸ ಪೆನ್ನುಗಳನ್ನು ಕೂಡಿಡಬೇಕೆಂದಿದ್ದೇನೆ. ಕೊಳ್ಳುವುದಾದರೆ ಚಿನ್ನದ ನಿಬ್ಬಿನದ್ದನ್ನೇ ಕೊಳ್ಳಬೇಕೆ?

ಉತ್ತರ: ಈ ಪ್ರಶ್ನೆ ಬರುವಾಗಲೆಲ್ಲ ಅಥಣಿಯ ಜಾಗದಲ್ಲಿ ಜಮಖಂಡಿಯೋ ಇಂಡಿಯೋ ಇರುತ್ತದೆ, ಅಜ್ಜನ ಜಾಗದಲ್ಲಿ ವಕೀಲರಾಗಿದ್ದ ಸೋದರಮಾವ ಇರುತ್ತಾರೆ, ಪಾರ್ಕರ್ ಹೋಗಿ ಶೀಫರ್ ಬಂದಿರುತ್ತದೆ, ಚಿನ್ನ ಮಾತ್ರ ಕದಲುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಬರವಣಿಗೆಯ ನುಣುಪು ಚಿನ್ನದಿಂದ ಬರುವುದಲ್ಲ, ಚಿನ್ನದ ನಿಬ್ಬಿನದ್ದನ್ನೇ ಕೊಳ್ಳಬೇಕಾಗಿಯೂ ಇಲ್ಲ. ಇಷ್ಟು ಹೇಳಿ ಸುಮ್ಮನಾದರೆ ಯಾರೂ ಒಪ್ಪುವುದಿಲ್ಲ ಎಂಬುದು ಗೊತ್ತಿರುವುದರಿಂದ ಕಾರಣಗಳನ್ನು ಮತ್ತೊಮ್ಮೆ, ಈ ಸಲ ಪೂರ್ತಿಯಾಗಿ, ಬರೆಯುತ್ತಿದ್ದೇನೆ.

ಬರೆಯುವಾಗ ಚಿನ್ನ ಕಾಗದವನ್ನು ಮುಟ್ಟುವುದೇ ಇಲ್ಲ. ಚಿನ್ನ ಮೆದು ಲೋಹ, ಕಾಗದ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಒರಟು. ಬರಿಯ ಚಿನ್ನದ ತುದಿಯನ್ನು ದಿನವೂ ಕಾಗದದ ಮೇಲೆ ಎಳೆದರೆ ಅದು ಬೇಗನೆ ಸವೆದು ಚಪ್ಪಟೆಯಾಗುತ್ತದೆ. ಅದಕ್ಕಾಗಿಯೇ ನಿಬ್ಬಿನ ತುದಿಗೆ ಒಂದು ಮಿಲಿಮೀಟರಿನ ಆಸುಪಾಸಿನ, ಬಹಳ ಗಟ್ಟಿಯಾದ ಬೇರೊಂದು ಲೋಹದ ಗುಂಡನ್ನು ಬೆಸೆದು, ಆಮೇಲೆ ತೆಳುವಾದ ಚಕ್ರದಿಂದ ನಡುವೆ ಸೀಳು ಕೊಯ್ದು, ಗುಂಡನ್ನು ಬೇಕಾದ ಆಕಾರಕ್ಕೆ ಮಸೆದು ಹೊಳಪು ಕೊಡುತ್ತಾರೆ. ಹಿಂದೆ ಈ ಗುಂಡಿಗೆ ಆಸ್ಮಿಯಂ ಮತ್ತು ಇರಿಡಿಯಂ ಕೂಡಿದ ಮಿಶ್ರಲೋಹವನ್ನು ಬಳಸುತ್ತಿದ್ದರು. ಈಗಿನ ಗುಂಡುಗಳಲ್ಲಿ ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮುಂತಾದವು ಇರುತ್ತವೆ. ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್’ ಎಂದು ಕೊರೆದಿದ್ದರೂ ಒಳಗೆ ಇರಿಡಿಯಂ ಇಲ್ಲದಿರುವುದೇ ಹೆಚ್ಚು. ನೇಗಿಲಿನಲ್ಲಿ ನೆಲ ಸೀಳುವುದು ಕುಳವೇ ಹೊರತು ಈಸಲ್ಲ, ನಿಬ್ಬಿನಲ್ಲಿಯೂ ಅಷ್ಟೇ.

ನಂಬಿಕೆಯಾಗದಿದ್ದರೆ ಬೆಳಗಾವಿಯ ಶಹಾಪುರದ ಯಾವುದಾದರೂ ಅಕ್ಕಸಾಲಿಗರ ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕೇಳಿ ಪಡೆದು, ನಿಬ್ಬಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಬಹುದು. ಹಳದಿ ಬಣ್ಣ ಒಂದು ಗೆರೆಯಲ್ಲಿ ನಿಂತುಹೋಗಿ, ಅಲ್ಲಿಂದ ಮುಂದಕ್ಕೆ ಬೂದು ಬಿಳುಪಿನ ಗುಂಡು ಆರಂಭವಾಗುತ್ತದೆ. ನಡುವೆ ಸೀಳು, ಸೀಳಿನ ಎರಡೂ ಬದಿಗೆ ಅರ್ಧರ್ಧ ಗುಂಡು. ಎರಡು ಅರ್ಧಗಳೂ ಒಂದೇ ಮಟ್ಟದಲ್ಲಿದ್ದು, ಒಳ ಅಂಚುಗಳು ಹದವಾಗಿ ದುಂಡಗಾಗಿದ್ದರೆ ಆ ಪೆನ್ನು ನುಣುಪಾಗಿ ಬರೆಯುತ್ತದೆ. ಒಂದು ಅರ್ಧ ಕೂದಲೆಳೆಯಷ್ಟು ಕೆಳಗಿಳಿದಿದ್ದರೆ, ಅದೇ ಪೆನ್ನು ಒಂದು ದಿಕ್ಕಿಗೆ ಎಳೆದಾಗ ಸುಮ್ಮನಿದ್ದು ಇನ್ನೊಂದು ದಿಕ್ಕಿಗೆ ಎಳೆದಾಗ ಕಾಗದವನ್ನು ಕೆರೆಯುತ್ತದೆ. ಜನರು ‘ಈ ನಿಬ್ಬು ಒರಟು’ ಎಂದು ದೂರುವ ಪೆನ್ನುಗಳಲ್ಲಿ ಬಹುಪಾಲಿನ ಕಥೆ ಇಷ್ಟೇ, ಮತ್ತು ಇದು ಚಿನ್ನಕ್ಕೂ ಸ್ಟೀಲಿಗೂ ಸಮಾನವಾಗಿ ಬರುವ ಕಾಯಿಲೆ. ಅಕ್ಕಸಾಲಿಗರು ‘ಕೊಡ್ರಿ, ತೂಗಿ ನೋಡೋಣ’ ಎಂದರೆ ಮಾತ್ರ ಕೊಡಬೇಡಿ. ಹೆಚ್ಚಿನ ನಿಬ್ಬುಗಳ ತೂಕ ಒಂದು ಗ್ರಾಮನ್ನೂ ಮುಟ್ಟುವುದಿಲ್ಲ, 14 ಕ್ಯಾರೆಟ್ಟಿನ ನಿಬ್ಬಿನಲ್ಲಿ ಚಿನ್ನವಿರುವುದು ನೂರಕ್ಕೆ 58.5 ಪಾಲು ಮಾತ್ರ, ಮತ್ತು ಹೊರಗೆ ತೆಗೆದ ನಿಬ್ಬನ್ನು ಮರಳಿ ಸರಿಯಾಗಿ ಕೂಡಿಸುವುದು ತೂಗಿದಷ್ಟು ಸುಲಭವಲ್ಲ.

ಹಾಗಾದರೆ ಹಿಂದಿನವರು ಚಿನ್ನವನ್ನು ಏಕೆ ಬಳಸಿದರು? ಶಾಯಿಯ ಕಾರಣಕ್ಕೆ. ಆ ಕಾಲದ ನೀಲಿಗಪ್ಪು ಶಾಯಿಗಳು ಹೆಚ್ಚಾಗಿ ಮಾಚಿಕಾಯಿಯ ಆಮ್ಲ ಮತ್ತು ಕಬ್ಬಿಣದ ಲವಣದಿಂದ ಮಾಡಿದವು. ಬರೆದಾಗ ತಿಳಿಯಾಗಿ ಕಾಣಿಸಿ, ಗಾಳಿ ತಾಗಿದಂತೆ ಕಪ್ಪಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತಿದ್ದವು. ದಸ್ತಾವೇಜುಗಳಿಗೆ ಅದು ಉತ್ತಮ, ಉಕ್ಕಿಗೆ ಅದು ವೈರಿ. ದೌತಿಯಲ್ಲಿ ಅದ್ದಿ ಬರೆಯುವ ಟಾಕು ತುಕ್ಕು ಹಿಡಿದರೆ ಕಿತ್ತೆಸೆದು ಬೇರೆಯದನ್ನು ಸಿಕ್ಕಿಸಬಹುದಿತ್ತು. ಆದರೆ ಹಗಲೂ ರಾತ್ರಿ ಶಾಯಿಯಲ್ಲಿಯೇ ನೆನೆಯುವ ಫೌಂಟನ್ ಪೆನ್ನಿನ ನಿಬ್ಬಿಗೆ ಆಮ್ಲ ತಿನ್ನದ ಲೋಹವೇ ಬೇಕಾಗಿತ್ತು. ಲೂಯಿಸ್ ವಾಟರ್‌ಮನ್ 1884ರಲ್ಲಿ ನಿಬ್ಬಿಗೆ ಶಾಯಿ ಹರಿಸುವ ತನ್ನ ಫೀಡಿಗೆ ಪೇಟೆಂಟ್ ಪಡೆದಾಗ ತುಕ್ಕು ಹಿಡಿಯದ ಉಕ್ಕು ಎಂಬುದು ಬಳಕೆಯಲ್ಲಿಯೇ ಇರಲಿಲ್ಲ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಅದನ್ನು ಕರಗಿಸಿ ತೆಗೆದದ್ದು 1913ರಲ್ಲಿ. ಹೀಗೆ ಚಿನ್ನವನ್ನು ತಂದದ್ದು ಬಾಳಿಕೆಯ ಲೆಕ್ಕಾಚಾರ, ನುಣುಪಿನದ್ದಲ್ಲ. ದುಬಾರಿ ಪೆನ್ನಿಗೆ ಚಿನ್ನದ ನಿಬ್ಬಿದ್ದು, ದುಬಾರಿ ಪೆನ್ನಿನ ಗುಂಡನ್ನು ಹೆಚ್ಚು ಜಾಗ್ರತೆಯಿಂದ ಮಸೆಯುತ್ತಿದ್ದುದರಿಂದ ಅದು ಚೆನ್ನಾಗಿ ಬರೆಯಿತು. ನೋಡಿದವರು ಕೀರ್ತಿಯನ್ನು ಚಿನ್ನಕ್ಕೆ ಕೊಟ್ಟರು. ಮಸೆದವನ ಕೈಯನ್ನು ಯಾರೂ ನೆನೆಯಲಿಲ್ಲ.

ಇಷ್ಟಾದ ಮೇಲೆ ತಪ್ಪದೆ ಬರುವ ಆಕ್ಷೇಪವೊಂದಿದೆ: ಚಿನ್ನದ ನಿಬ್ಬು ಬಾಗುತ್ತದೆ, ಸ್ಟೀಲಿನದು ಬಾಗುವುದಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಈ ಮಾತು ಸಾಯುವುದಿಲ್ಲ. ಒಂದೇ ಆಕಾರ, ಒಂದೇ ದಪ್ಪದ ಎರಡು ತಗಡುಗಳನ್ನು ತೆಗೆದುಕೊಂಡರೆ ಚಿನ್ನದ್ದು ಉಕ್ಕಿನದ್ದಕ್ಕಿಂತ ಸುಲಭವಾಗಿ ಮಣಿಯುತ್ತದೆ ಎಂಬುದು ನಿಜ. ಆದರೆ ತಗಡಿನ ದಪ್ಪವನ್ನು ಎರಡು ಪಟ್ಟು ಮಾಡಿದರೆ ಅದರ ಬಿಗುವು ಎಂಟು ಪಟ್ಟಾಗುತ್ತದೆ. ಆದ್ದರಿಂದ ನಿಬ್ಬು ಬಾಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಲೋಹಕ್ಕಿಂತ ಹೆಚ್ಚಾಗಿ ದಪ್ಪ, ಭುಜಗಳ ಅಗಲ ಮತ್ತು ಸೀಳಿನ ಉದ್ದ. ಜಪಾನಿನ ಸೇಲರ್ ಕಂಪನಿಯ 21 ಕ್ಯಾರೆಟ್ಟಿನ ನಿಬ್ಬುಗಳಲ್ಲಿ ಚಿನ್ನ ನೂರಕ್ಕೆ 87.5 ಪಾಲಿದ್ದರೂ ಅವು ಹೆಚ್ಚಾಗಿ ಬಿಗಿಯಾಗಿಯೇ ಇರುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಜರ್ಮನಿ ನಿಬ್ಬುಗಳಿಗೆ ಚಿನ್ನ ಬಳಸುವುದನ್ನು ತಡೆದಾಗ ಪೆಲಿಕಾನ್ ಕಂಪನಿ ಕ್ರೋಮ್-ನಿಕೆಲ್ ಉಕ್ಕಿನಿಂದ ಮಾಡಿದ ನಿಬ್ಬುಗಳನ್ನು, ಅವು ಚೆನ್ನಾಗಿ ಮಣಿಯುತ್ತವೆ ಎಂಬ ಕಾರಣಕ್ಕೇ, ಇಂದಿಗೂ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಇನ್ನು ನಿಮ್ಮ ಅಜ್ಜನ ಪೆನ್ನನ್ನೇ ಸಾಕ್ಷಿಗೆ ಕರೆಯೋಣ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ನಿಬ್ಬು ಮುಸುಕಿನೊಳಗೆ ಅಡಗಿರುವ, ಕೊಳವೆಯಂತೆ ಸುತ್ತಿದ, ಒತ್ತಿದರೆ ಮಣಿಯದ ಗಟ್ಟಿ ನಿಬ್ಬು. ಅದು ಚಿನ್ನದ್ದೇ ಆಗಿದ್ದರೂ ಅದರಲ್ಲಿ ಯಾರಾದರೂ ‘ಚಿನ್ನದ ಮೆದುತನ’ವನ್ನು ಅನುಭವಿಸಿದ್ದೇನೆ ಎಂದರೆ ಅದು ಭಕ್ತಿಯ ಮಾತು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, 1950ರಲ್ಲಿ ಬಂದ ‘51 ಸ್ಪೆಶಲ್’ ಎಂಬ ಅಗ್ಗದ ಮಾದರಿಗೆ ಪಾರ್ಕರ್ ಚಿನ್ನವನ್ನು ಬಿಟ್ಟು ಆಕ್ಟೇನಿಯಂ ಎಂಬ ಮಿಶ್ರಲೋಹದ ನಿಬ್ಬು ಹಾಕಿತ್ತು. ಮುಸುಕು ಮುಚ್ಚಿರುವುದರಿಂದ ನಿಬ್ಬು ಯಾವ ಲೋಹದ್ದೆಂದು ಹೊರಗಿನಿಂದ ತಿಳಿಯುವುದಿಲ್ಲ. ಅಜ್ಜನ ಚಿನ್ನದ ಪೆನ್ನೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಮನೆಗಳಲ್ಲಿ ಚಿನ್ನವೇ ಇಲ್ಲದ 51 ಇರುವುದು ಅಸಾಧ್ಯವೇನಲ್ಲ. ಹಾಗೆಂದು ಪರೀಕ್ಷಿಸಲು ಮುಸುಕನ್ನು ತಿರುಗಿಸಿ ಬಿಚ್ಚಲು ಹೋಗಬೇಡಿ. ಅದನ್ನು ಅರಗಿನ ಅಂಟಿನಿಂದ ಕೂಡಿಸಿರುತ್ತಾರೆ, ಕಾವು ಕೊಟ್ಟು ಬಿಡಿಸಬೇಕು, ಕಾವು ಹೆಚ್ಚಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ತೆರೆದ ನಿಬ್ಬಿನ ಪೆನ್ನುಗಳಲ್ಲಾದರೆ ಗುರುತು ಸುಲಭ: 14ಕೆ ಅಥವಾ 585, 18ಕೆ ಅಥವಾ 750 ಎಂದು ಕೊರೆದಿದ್ದರೆ ಚಿನ್ನ, ಏನೂ ಇಲ್ಲದೆ ಬರಿಯ ಹಳದಿಯಾಗಿದ್ದರೆ ಬಹುತೇಕ ಸ್ಟೀಲಿನ ಮೇಲಿನ ಲೇಪ.

ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವಿರುವುದು ಶಾಯಿ ತುಂಬುವ ವಿಧಾನದಲ್ಲಿ, ಕ್ಯಾಪು ಗಾಳಿಯನ್ನು ತಡೆಯುವ ಬಗೆಯಲ್ಲಿ ಮತ್ತು ಕೆಟ್ಟರೆ ಬಿಡಿಭಾಗ ಸಿಗುವುದರಲ್ಲಿ. ನಿಮ್ಮ 51ರ ಹಿಂಭಾಗದಲ್ಲಿ ತಿರುಗಿಸಿ ತೆಗೆಯುವ ಚಿಕ್ಕ ಮುಚ್ಚಳವೂ ಅದರಡಿ ಒತ್ತುವ ಗುಂಡಿಯೂ ಇದ್ದರೆ ಅದು 1948ಕ್ಕೆ ಮುಂಚಿನ ಬಗೆಯ ವ್ಯಾಕ್ಯುಮ್ಯಾಟಿಕ್. ಒಳಗಿನ ರಬ್ಬರ್ ಪೊರೆ ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿರುತ್ತದೆ, ಅದನ್ನು ಬದಲಿಸುವುದು ಬಲ್ಲವರ ಕೆಲಸ. ಮೈಯನ್ನು ಬಿಚ್ಚಿದಾಗ ಲೋಹದ ಕವಚ ಮತ್ತು ಒತ್ತುವ ಪಟ್ಟಿ ಕಂಡರೆ ಅದು 1948ರಲ್ಲಿ ಬಂದ ಏರೋಮೆಟ್ರಿಕ್. ಅದರ ಪಾರದರ್ಶಕ ಚೀಲ ಹೆಚ್ಚಿನ ಪೆನ್ನುಗಳಲ್ಲಿ ಇಂದಿಗೂ ಗಟ್ಟಿಮುಟ್ಟಾಗಿದೆ, ತಣ್ಣೀರಿನಲ್ಲಿ ಮುಳುಗಿಸಿ ಒತ್ತುತ್ತಾ ಬಿಡುತ್ತಾ ನೀರು ತಿಳಿಯಾಗುವವರೆಗೆ ತೊಳೆದರೆ ಬರೆಯಲು ಸಿದ್ಧ. ಬಿಸಿನೀರು, ಸ್ಪಿರಿಟ್ಟು ಎರಡೂ ಬೇಡ. ಪಾರ್ಕರ್ ಈಚೆಗೆ ಅದೇ 51 ಹೆಸರಿನಲ್ಲಿ ಹೊಸ ಪೆನ್ನನ್ನು ತಂದಿದೆ, ಸ್ಟೀಲ್ ನಿಬ್ಬಿನದ್ದೂ ಇದೆ, 18 ಕ್ಯಾರೆಟ್ಟಿನದ್ದೂ ಇದೆ. ಹಳೆಯದರ ಒತ್ತಿ ಕೂಡಿಸುವ ಕ್ಯಾಪಿನ ಜಾಗದಲ್ಲಿ ತಿರುಗಿಸುವ ಕ್ಯಾಪು, ಚೀಲದ ಜಾಗದಲ್ಲಿ ಶಾಯಿ ತುಂಬಿಯೇ ಬರುವ ಕಾರ್ಟ್ರಿಜ್ ಅಥವಾ ನಾವೇ ಶಾಯಿ ತುಂಬುವ ಕನ್ವರ್ಟರ್. ಕ್ಯಾಪಿನ ವಿಷಯದಲ್ಲಿ ಮಾತ್ರ ಹೊಸಬರಿಗೆ ನಾನು ತಲೆಬಾಗುತ್ತೇನೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಪೆನ್ನು ತೆಗೆದ ಕೂಡಲೇ ಬರೆಯಬೇಕೆಂದರೆ, ಒಳಗೆ ಸ್ಪ್ರಿಂಗಿನ ಮೇಲೆ ಕೂತ ಎರಡನೆಯ ಮುಚ್ಚಳವಿರುವ ಪ್ಲಾಟಿನಂ ಕಂಪನಿಯ ಅಗ್ಗದ ಪ್ರೆಪ್ಪಿ ಕೂಡ ಅನೇಕ ದುಬಾರಿ ಹಳೆಯ ಪೆನ್ನುಗಳನ್ನು ನಾಚಿಸುತ್ತದೆ.

ಹೋಲಿಸಬೇಕೆಂದಿದ್ದರೆ ನ್ಯಾಯವಾಗಿ ಹೋಲಿಸಿ. ಹಳೆಯದರಲ್ಲಿ ಒಂದು ಶಾಯಿ, ಹೊಸದರಲ್ಲಿ ಇನ್ನೊಂದು. ಒಂದಕ್ಕೆ ಲೆಕ್ಕದ ವಹಿಯ ದಪ್ಪ ಹಾಳೆ, ಇನ್ನೊಂದಕ್ಕೆ ಬೆಳಗಾವಿಯ ಜುಲೈ ಮಳೆಯಲ್ಲಿ ತೇವ ಕುಡಿದ ನೋಟುಬುಕ್ಕು: ಹೀಗೆ ಮಾಡಿ ತೀರ್ಪು ಕೊಡುವವರೇ ಹೆಚ್ಚು. ತೇವದ ಕಾಗದದಲ್ಲಿ ಯಾವ ಪೆನ್ನಿನ ಶಾಯಿಯೂ ಹರಡುತ್ತದೆ. ಲೋಹದ ವ್ಯತ್ಯಾಸವನ್ನಷ್ಟೇ ಅರಿಯಬೇಕೆಂದರೆ ಲಾಮಿ ಸಫಾರಿ ಪೆನ್ನು ತಕ್ಕ ಸಾಧನ. ಅದರ ಸ್ಟೀಲ್ ನಿಬ್ಬನ್ನು ಎಳೆದು ತೆಗೆದು ಅದೇ ಕಂಪನಿಯ 14 ಕ್ಯಾರೆಟ್ ನಿಬ್ಬನ್ನು ಅದೇ ಫೀಡಿನ ಮೇಲೆ ಕೂಡಿಸಬಹುದು. ನಿಬ್ಬು ಕಾಣದಂತೆ ಗೆಳೆಯರ ಕೈಯಲ್ಲಿ ಬರೆಯಿಸಿ ನೋಡಿ. ಸ್ವಲ್ಪ ಮೆದು ಎನ್ನುವವರು ಸಿಗುತ್ತಾರೆ, ಅದು ಸರಿಯಾದ ಗುರುತು. ನುಣುಪಿನ ವಿಷಯದಲ್ಲಿ ಮಾತ್ರ ಒಮ್ಮತ ಬರುವುದಿಲ್ಲ. ಹೈಡೆಲ್‌ಬರ್ಗಿನ ಬಾಕ್ ಮತ್ತು ಬರ್ಲಿನ್ನಿನ ಜೋವೋ ಕಂಪನಿಗಳು ಸ್ಟೀಲ್ ಮತ್ತು ಚಿನ್ನ ಎರಡರ ನಿಬ್ಬುಗಳನ್ನೂ ಮಾಡಿ ಅನೇಕ ಪೆನ್ನು ತಯಾರಕರಿಗೆ ಒದಗಿಸುತ್ತವೆ, ತಮಿಳುನಾಡಿನ ರಂಗಾ ಕಂಪನಿಯ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳಲ್ಲಿಯೂ ಅವು ಸಿಗುತ್ತವೆ. ಎರಡರ ಬೆಲೆಯಲ್ಲಿ ಹಲವು ಪಟ್ಟು ಅಂತರವಿದ್ದರೂ ತುದಿಗೆ ಗಟ್ಟಿ ಗುಂಡು ಎರಡಕ್ಕೂ ಬೇಕೇ ಬೇಕು.

ನೀವು ಕೇಳಬೇಕಾಗಿದ್ದ, ಆದರೆ ಯಾರೂ ಕೇಳದ ಪ್ರಶ್ನೆ ಬೇರೆಯದೇ ಇದೆ: ಕನ್ನಡ ಬರೆಯಲು ಯಾವ ತುದಿ ಬೇಕು? ನಿಬ್ಬುಗಳ ಬಗ್ಗೆ ನಾವು ಓದುವ ಸಲಹೆಗಳೆಲ್ಲ ರೋಮನ್ ಲಿಪಿಯವರು ಬರೆದವು. ಅವರ ಓರೆ ಬರವಣಿಗೆಯಲ್ಲಿ ಕೆಳಗೆಳೆಯುವ ಗೆರೆಗಳೇ ಮುಖ್ಯ, ಮಣಿಯುವ ನಿಬ್ಬು ಆ ಗೆರೆಯಲ್ಲಿ ಅಗಲವಾಗಿ ಅಂದ ಕೊಡುತ್ತದೆ. ನಮ್ಮ ಅಕ್ಷರಗಳು ದುಂಡು. ‘ಣ’ ಅಥವಾ ‘ಳ’ ಬರೆಯುವಾಗ ತುದಿ ಮೇಲಕ್ಕೆ, ಎಡಕ್ಕೆ, ಕೆಳಕ್ಕೆ, ಬಲಕ್ಕೆ ಎಲ್ಲ ದಿಕ್ಕಿಗೂ ಸುತ್ತುತ್ತದೆ, ಎಳೆಯುವಷ್ಟೇ ತಳ್ಳಲೂಬೇಕು. ಒತ್ತಡದಿಂದ ಬಾಯಿ ತೆರೆದ ನಿಬ್ಬು ಮೇಲ್ಮುಖ ತಿರುವಿನಲ್ಲಿ ಕಾಗದದ ನಾರನ್ನು ಹಿಡಿದು ಶಾಯಿ ಚಿಮ್ಮಿಸುತ್ತದೆ. ಚಪ್ಪಟೆ ತುದಿಯ ಸ್ಟಬ್ ನಿಬ್ಬು ಶೀರ್ಷಿಕೆಗಳಿಗೆ ಚಂದ, ಆದರೆ ಅದರ ಮೂಲೆಗಳು ತಲೆಕಟ್ಟಿನ ತಿರುವಿನಲ್ಲಿ ತಡೆಯುತ್ತವೆ. ಕನ್ನಡಕ್ಕೆ ಬೇಕಾದದ್ದು ಎಲ್ಲ ಬದಿಗೂ ಸಮವಾಗಿ ದುಂಡಗೆ ಮಸೆದ, ಬಿಗಿಯಾದ, ಸಣ್ಣ ತುದಿ.

ಎಷ್ಟು ಸಣ್ಣದು ಎಂಬುದಕ್ಕೆ ಒತ್ತಕ್ಷರಗಳೇ ಅಳತೆ. ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಬರೆಯುವ ಒತ್ತಿನ ಹೊಟ್ಟೆ ದಪ್ಪ ನಿಬ್ಬಿನಲ್ಲಿ ತುಂಬಿಹೋಗುತ್ತದೆ. ಜಪಾನಿನ ಪೈಲಟ್, ಸೇಲರ್, ಪ್ಲಾಟಿನಂ ಕಂಪನಿಗಳ ‘ಫೈನ್’ ಎಂಬ ಸಣ್ಣ ತುದಿ ಸಾಮಾನ್ಯವಾಗಿ ಯುರೋಪಿನ ಇನ್ನೂ ಸಣ್ಣ ‘ಎಕ್ಸ್‌ಟ್ರಾ ಫೈನ್’ಗೆ ಸಮ ಎಂಬುದನ್ನು ನೆನಪಿಟ್ಟುಕೊಂಡು ಆರಿಸಿ. ಅಂಗಡಿಯಲ್ಲಿ ಪೆನ್ನು ಕೈಗೆ ಬಂದ ಕೂಡಲೇ ಎಲ್ಲರೂ ಸಹಿ ಹಾಕಿ, ಸೊನ್ನೆ ಸುತ್ತಿ, ‘ಮಸ್ತ್ ಐತಿ’ ಎಂದು ಹಣ ಕೊಡುತ್ತಾರೆ. ಸಹಿಗೆ ಯಾವ ನಿಬ್ಬಾದರೂ ನಡೆಯುತ್ತದೆ. ಗೆರೆಯಿರುವ ಹಾಳೆಯ ಮೇಲೆ, ದಿನನಿತ್ಯದ ಗಾತ್ರದಲ್ಲಿ, ‘ರಾಷ್ಟ್ರ’, ‘ಲಕ್ಷ್ಮಿ’, ‘ಸಂಸ್ಕೃತ’ ಎಂದು ಒಂದರ ಕೆಳಗೊಂದು ಬರೆದು, ಒತ್ತಿನೊಳಗಿನ ಖಾಲಿ ಜಾಗ ಕಾಣುತ್ತದೆಯೇ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತದೆಯೇ ಎಂದು ನೋಡಿ, ಆಮೇಲೆ ಬೆಲೆ ಕೇಳಿ.